ಗಡಂಗಿನಿಂದ ಪಬ್ಬಿನವರೆಗೆ

ಪಬ್ ಅನ್ನುವ ಪದ ಕೇಳಿದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಆಗಿಬಿಡುತ್ತದೆ. ಒಂದು ಪಂಗಡಕ್ಕೆ ಅದು ಸ್ವಾತಂತ್ರ್ಯದ ಬಾಗಿಲು, ಇನ್ನೊಂದಕ್ಕೆ ಊರು ಹಾಳಾಗುವ ದಾರಿ. ನಡುವೆ ನಿಂತು "ಸ್ವಲ್ಪ ತಡೆಯಿರಿ ಮಾರಾಯ್ರೆ, ಇದು ಎಲ್ಲಿಂದ ಬಂತು, ಯಾರಿಗೆ ಏನು ಕೊಟ್ಟಿತು, ಯಾರ ನಿದ್ದೆ ಕೆಡಿಸಿತು ಅಂತ ನೋಡುವಾ" ಅನ್ನುವವರು ಕಮ್ಮಿ. ನನಗೆ ಜಗಳದಲ್ಲಿ ಆಸಕ್ತಿ ಇಲ್ಲ, ಕಥೆಯಲ್ಲಿ ಉಂಟು. ಅದಕ್ಕೇ ಈ ಬರಹ. ಸ್ವಲ್ಪ ಉದ್ದ ಆಗಿದೆ, ಚಾ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ನನ್ನ ಊರಿನ ವಿಷಯ. ನನ್ನದು ಸವಣೂರು. ನವಾಬರ ಸವಣೂರು ಅಲ್ಲ, ಅದು ಹಾವೇರಿ ಜಿಲ್ಲೆಯದ್ದು. ಇದು ದಕ್ಷಿಣ ಕನ್ನಡದ ಸವಣೂರು, ಪುತ್ತೂರಿನಿಂದ ಕಾಣಿಯೂರು ಕಡೆಗೆ ಹೋಗುವ ದಾರಿಯಲ್ಲಿ ಸಿಗುತ್ತದೆ. ಮೊದಲು ಪುತ್ತೂರು ತಾಲೂಕಿನಲ್ಲಿತ್ತು, ಹೊಸ ತಾಲೂಕು ಆದ ಮೇಲೆ ಕಡಬಕ್ಕೆ ಸೇರಿತು. ಅಡಿಕೆ, ತೆಂಗು, ರಬ್ಬರು, ಮಳೆಗಾಲದಲ್ಲಿ ಇಂಬಳ. ಇಂಥ ಊರಿನವನಿಗೆ ಪಬ್ಬಿನ ಇತಿಹಾಸ ಯಾಕೆ ಅಂತ ಕೇಳಬಹುದು. ಉತ್ತರ ಸುಲಭ. ನಮ್ಮ ಊರುಗಳಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತಿದ ಹುಡುಗ ಹುಡುಗಿಯರೇ ಆ ಪಬ್ಬುಗಳ ಗಿರಾಕಿಗಳು, ಅಲ್ಲಿ ತಟ್ಟೆ ಎತ್ತುವವರಲ್ಲೂ ನಮ್ಮವರೇ ಇದ್ದಾರೆ. ಇನ್ನು 2009ರಲ್ಲಿ ಇಡೀ ದೇಶ ಪಬ್ಬಿನ ಬಗ್ಗೆ ಮಾತಾಡುವ ಹಾಗೆ ಮಾಡಿದ್ದೂ ನಮ್ಮದೇ ಜಿಲ್ಲೆ.

ಗಡಂಗು ಅಂದ್ರೆ ಏನು

ಇಂಗ್ಲಿಷಿನ ಪಬ್ಲಿಕ್ ಹೌಸ್ ಅನ್ನುವ ಎರಡು ಪದ ಸವೆದು ಸವೆದು ಪಬ್ ಆಯಿತು. ಸಾರ್ವಜನಿಕರ ಮನೆ ಅಂತ ಅರ್ಥ. ದುಡ್ಡು ಕೊಟ್ಟವರು ಯಾರು ಬೇಕಾದರೂ ಒಳಗೆ ಬಂದು, ಕುಡಿದು, ಕೂತು, ಮಾತಾಡಿ ಹೋಗುವ ಜಾಗ. ಆ ಅರ್ಥದಲ್ಲಿ ನೋಡಿದರೆ ನಮ್ಮ ಕಡೆ ಪಬ್ಬಿಗೆ ಒಂದು ಹಳೆಯ ಅಣ್ಣ ಇದ್ದ, ಅವನ ಹೆಸರು ಗಡಂಗು. ಘಟ್ಟದ ಮೇಲಿನವರಿಗೆ ಈ ಪದ ಗೊತ್ತಿರಲಿಕ್ಕಿಲ್ಲ. ಕಳ್ಳಿನ ಅಂಗಡಿ, ಸಾರಾಯಿ ಅಂಗಡಿ ಎರಡಕ್ಕೂ ನಾವು ಗಡಂಗು ಅಂತಲೇ ಹೇಳುತ್ತಿದ್ದದ್ದು.

ಗಡಂಗು ಅಂದ್ರೆ ತಾಳೆ ಗರಿಯೋ ಮುಳಿಹುಲ್ಲೋ ಹೊದೆಸಿದ ಮಾಡು, ಎರಡು ಬೆಂಚು, ಒಂದು ಹಂಡೆ, ನಂಚಿಕೊಳ್ಳಲಿಕ್ಕೆ ಮೀನೋ ಕಡಲೆಯೋ. ತೋಟದ ಕೆಲಸ ಮುಗಿಸಿ ಮನೆಗೆ ಹೋಗುವ ದಾರಿಯಲ್ಲಿ ಅದು ಸಿಗುತ್ತಿತ್ತು. ಕಳ್ಳು ಇಳಿಸುವ ಕಸುಬಿಗೆ ಮೂರ್ತೆ ಅಂತ ಹೆಸರು, ಆ ಕೆಲಸ ಮಾಡುವವರು ಮೂರ್ತೆದಾರರು, ಹೆಚ್ಚಿನವರು ಬಿಲ್ಲವರು. ಇವತ್ತಿಗೂ ದಕ್ಷಿಣ ಕನ್ನಡ, ಉಡುಪಿಯಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳಿವೆ.

ಕಳ್ಳು ನಮ್ಮ ಜನಜೀವನದಿಂದ ಹೊರಗಿನ ವಸ್ತು ಆಗಿರಲಿಲ್ಲ. ಕೊರಗಜ್ಜನಿಗೆ ಚಕ್ಕುಲಿ, ವೀಳ್ಯದ ಜೊತೆ ಕಳ್ಳನ್ನೂ ಇಡುತ್ತಾರೆ, ಎಲ್ಲರಿಗೂ ಗೊತ್ತು. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ಇದ್ದ ಶಿವರಾಮ ಕಾರಂತರ 'ಚೋಮನ ದುಡಿ'ಯ ಚೋಮನೂ ಕುಡಿಯುವವನೇ. ಆ ಕಾದಂಬರಿ ಬಂದದ್ದು 1933ರಲ್ಲಿ. ಓದಿದವರಿಗೆ ಗೊತ್ತಿರುತ್ತದೆ, ಅಲ್ಲಿ ಕುಡಿತ ಮೋಜು ಅಲ್ಲ, ಉಳಲಿಕ್ಕೆ ಭೂಮಿ ಸಿಗದ ಮನುಷ್ಯನಿಗೆ ಸಿಕ್ಕಿದ ಒಂದೇ ಒಂದು ಮದ್ದು. ಗಡಂಗಿನ ಆಕರ್ಷಣೆ, ಗಡಂಗಿನ ಕೇಡು ಎರಡೂ ಆ ಒಂದು ಪುಸ್ತಕದಲ್ಲಿ ಇವೆ.

ಕೇಡನ್ನು ಮೊದಲು ಕಂಡವರು ಒಳಗಿನವರೇ. ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನವನ್ನು 1912ರಲ್ಲಿ ಪ್ರತಿಷ್ಠೆ ಮಾಡಿದ ನಾರಾಯಣ ಗುರುಗಳು, ಕಳ್ಳಿನ ಕಸುಬನ್ನೇ ನಂಬಿದ್ದ ಸಮುದಾಯಕ್ಕೆ ಹೆಂಡ ಮಾಡುವುದೂ ಬೇಡ, ಮಾರುವುದೂ ಬೇಡ, ಕುಡಿಯುವುದೂ ಬೇಡ ಎಂಬ ಬುದ್ಧಿ ಹೇಳಿದರು. ಸ್ವಲ್ಪ ಯೋಚಿಸಿ ನೋಡಿ, ಹೊಟ್ಟೆಪಾಡನ್ನೇ ಬಿಡಿ ಅನ್ನುವ ಮಾತು ಅದು. ಆದರೂ ಜನ ಕೇಳಿದರು. ಎಷ್ಟೋ ಕುಟುಂಬಗಳು ಬೇರೆ ಕಸುಬಿಗೆ, ಶಾಲೆಗೆ, ಆಫೀಸಿಗೆ ಹೋದವು. ಯಾರ ಗಡಂಗಿಗೂ ನುಗ್ಗದೆ, ಯಾರ ಜುಟ್ಟು ಹಿಡಿದು ಎಳೆಯದೆ ಆದ ಬದಲಾವಣೆ ಅದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅನಂತರ ಬಂದದ್ದು ಸರಕಾರದ ನಿಷೇಧ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತದಲ್ಲಿತ್ತು. ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಿಂದ ಪಾನನಿಷೇಧ ಶುರು ಮಾಡಿದರು, 1948ರ ಹೊತ್ತಿಗೆ ಅದು ಇಡೀ ಪ್ರಾಂತಕ್ಕೆ ಹಬ್ಬಿತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಅರುವತ್ತರ ದಶಕದಲ್ಲಿ ನಿಷೇಧ ಹೋಗಿ ಅಬಕಾರಿ ಬಂತು. ನಿಷೇಧ ಇದ್ದಾಗ ಕಾಡಿನ ಒಳಗೆ ಕಳ್ಳಭಟ್ಟಿ, ನಿಷೇಧ ಹೋದಾಗ ಪೇಟೆಯ ಬದಿಯಲ್ಲಿ ಹರಾಜು ಹಿಡಿದ ಕಂಟ್ರಾಕ್ಟರನ ಸಾರಾಯಿ ಪ್ಯಾಕೆಟು. ಕುಡಿಯುವವನಿಗೆ ಜಾಗ ಮಾತ್ರ ಬದಲಾಯಿತು ಅಂತ ಹೇಳಬಹುದು.

ಗಡಂಗಿನಲ್ಲಿ ಒಂದು ವಿಷಯ ಮಾತ್ರ ಬದಲಾಗಲಿಲ್ಲ. ಅಲ್ಲಿ ಹೆಂಗಸು ಗಿರಾಕಿಯಾಗಿ ಬೆಂಚಿನ ಮೇಲೆ ಕೂರುವ ಪದ್ಧತಿ ಇರಲಿಲ್ಲ. ಗಂಡನನ್ನು ಎಬ್ಬಿಸಿಕೊಂಡು ಹೋಗಲಿಕ್ಕೆ ಬಾಗಿಲವರೆಗೆ ಬರಬಹುದಿತ್ತು, ಅಷ್ಟೇ. ಸಾರ್ವಜನಿಕರ ಮನೆ ಅಂದೆನಲ್ಲ, ಅರ್ಧ ಸಾರ್ವಜನಿಕರ ಮನೆ.

ಪರದೆ ಸರಿದದ್ದು

ಈಗ ಘಟ್ಟ ಹತ್ತುವಾ.

ಬೆಂಗಳೂರಿಗೂ ಬಿಯರಿಗೂ ಇರುವ ನಂಟು ಪಬ್ಬಿಗಿಂತ ಬಹಳ ಹಳೆಯದು. ದಂಡು ಪ್ರದೇಶ ಶುರುವಾದದ್ದು 1809ರಲ್ಲಿ. ಸಿಪಾಯಿಗಳಿದ್ದಲ್ಲಿ ಬಿಯರು ಬಂದೇ ಬರುತ್ತದೆ. 1915ರಲ್ಲಿ ದಕ್ಷಿಣದ ಐದು ಸಣ್ಣ ಬ್ರೂವರಿಗಳನ್ನು ಒಟ್ಟು ಮಾಡಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್‌ಲೆಂಡಿನವ ಯುನೈಟೆಡ್ ಬ್ರೂವರೀಸ್ ಕಟ್ಟಿದ. 1947ರಲ್ಲಿ ಆ ಕಂಪನಿಯ ಮೊದಲ ಭಾರತೀಯ ನಿರ್ದೇಶಕರಾಗಿ ಬಂದವರು ವಿಠಲ ಮಲ್ಯ, ಮೂಲ ನಮ್ಮ ಬಂಟ್ವಾಳದ ಮನೆತನ. ನೋಡಿ, ಎಲ್ಲಿಗೆ ಹೋದರೂ ನೇತ್ರಾವತಿ ನೀರು ಬಿಡುವುದಿಲ್ಲ :-) ಬ್ರೂವರಿ ಇದ್ದ ಜಾಗದಲ್ಲಿ ಈಗ ಯುಬಿ ಸಿಟಿ ನಿಂತಿದೆ, ಎದುರಿನ ಗ್ರಾಂಟ್ ರಸ್ತೆಗೆ ವಿಠಲ ಮಲ್ಯ ರಸ್ತೆ ಅಂತ ಹೆಸರಾಗಿದೆ.

ಇಷ್ಟೆಲ್ಲ ಇದ್ದರೂ ಎಂಬತ್ತರ ದಶಕದವರೆಗೆ ಸಾಮಾನ್ಯ ಮನುಷ್ಯ ಕುಡಿಯುವ ಜಾಗ ಅಂದ್ರೆ ಎರಡೇ. ದೊಡ್ಡವರಿಗೆ ಕ್ಲಬ್ಬು, ಉಳಿದವರಿಗೆ ಬಾರು. ಹಳೆಯ ಬಾರು ಹೇಗಿತ್ತು ನೆನಪು ಮಾಡಿಕೊಳ್ಳಿ. ಬಾಗಿಲಿಗೆ ಪರದೆ, ಒಳಗೆ ಕೆಂಪು ಬಲ್ಬು, ಎದುರಿಗೆ ಕೂತವನ ಮುಖ ಕಾಣಿಸದಷ್ಟು ಕತ್ತಲೆ. ಯಾರೂ ನೋಡಬಾರದು ಅನ್ನುವುದೇ ಅದರ ವಾಸ್ತು. ಹೆಂಗಸರಿದ್ದರೆ "ಫ್ಯಾಮಿಲಿ ರೂಮ್" ಅಂತ ಬರೆದ ಮರದ ಗೂಡಿನೊಳಗೆ, ಅದಕ್ಕೂ ಒಂದು ಪರದೆ.

ಮೊದಲ ಪಬ್ಬು ಯಾವುದು ಅಂತ ಕೇಳಿದರೆ ಬೆಂಗಳೂರಿನ ಹಳಬರು ಚರ್ಚ್ ಸ್ಟ್ರೀಟಿನ 'ರಮಡಾ'ದ ಹೆಸರು ಹೇಳುತ್ತಾರೆ, ಖೋಡೆ ಮನೆತನದ ಹರಿ ಖೋಡೆ 1986ರಲ್ಲಿ ತೆರೆದದ್ದು. (ಅದೇ 1986ರಲ್ಲಿ ನಮ್ಮ ಪುತ್ತೂರಿನಲ್ಲಿ ಕ್ಯಾಂಪ್ಕೊ ಚಾಕಲೇಟು ಕಾರ್ಖಾನೆ ಶುರುವಾಯಿತು. ಅವರಿಗೆ ಬಿಯರು, ನಮಗೆ ಚಾಕಲೇಟು, ಯಾರೂ ಬೇಜಾರು ಮಾಡುವ ಅಗತ್ಯವಿಲ್ಲ.) ಆಮೇಲೆ ಒಂದರ ಹಿಂದೆ ಒಂದು. ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ಪೆಕೋಸ್. ಚರ್ಚ್ ಸ್ಟ್ರೀಟಿನಲ್ಲಿ ಬಾಹ್ಯಾಕಾಶ ನೌಕೆಯ ಒಳಗಿದ್ದ ಹಾಗೆ ಸಿಂಗರಿಸಿದ್ದ ನಾಸಾ. ರೆಸಿಡೆನ್ಸಿ ರಸ್ತೆಯಲ್ಲಿ ಪಬ್ ವರ್ಲ್ಡ್, ಬ್ಲ್ಯಾಕ್ ಕ್ಯಾಡಿಲಾಕ್. ತೊಂಬತ್ತರ ದಶಕದಲ್ಲಿ ಬೆಂಗಳೂರಿಗೆ "ಪಬ್ ನಗರ" ಅಂತ ಹೆಸರೇ ಬಿತ್ತು. ಪಿಂಚಣಿದಾರರ ಸ್ವರ್ಗ ಅಂತ ಕರೆಸಿಕೊಳ್ಳುತ್ತಿದ್ದ ಊರು!

ಇದರಲ್ಲಿ ಹೊಸದು ಬಿಯರು ಅಲ್ಲ. ಪೀಪಾಯಿಯಿಂದ ಮಗ್ಗಿಗೆ ಇಳಿಸಿ ಕೊಡುವ ಡ್ರಾಟ್ ಬಿಯರಿನ ರುಚಿ ಒಂದು ಕಾರಣ ಹೌದು. ಮಗ್ಗಿನ ಲೆಕ್ಕದಲ್ಲಿ ಕೊಡುವುದರಿಂದ ಇಡೀ ಬಾಟಲಿ ತೆಗೆದುಕೊಳ್ಳಬೇಕಿಲ್ಲ, ವಿದ್ಯಾರ್ಥಿಗೂ ಕೈಗೆಟುಕುತ್ತಿತ್ತು. ಆದರೆ ದೊಡ್ಡ ಬದಲಾವಣೆ ಅಂದ್ರೆ ಪರದೆ ಹೋದದ್ದು. ಮೇಜು ಎಲ್ಲರಿಗೂ ಕಾಣುವ ಜಾಗಕ್ಕೆ ಬಂತು, ಸಂಗೀತ ಬಂತು, ಹಗಲು ಹೊತ್ತಿನಲ್ಲೂ ಬಾಗಿಲು ತೆರೆದಿತ್ತು. ಅಡಗಿ ಮಾಡುವ ಕೆಲಸ ಎದುರಿಗೆ ಮಾಡುವ ಕೆಲಸ ಆಯಿತು. ಎದುರಿಗೆ ಕೂತು ಮಾಡುವಾಗ ಮನುಷ್ಯ ಸ್ವಲ್ಪ ಮರ್ಯಾದೆಯಿಂದಲೂ ಇರುತ್ತಾನೆ.

ನಡು ಪೇಟೆಯ ಗುಣ

ನಾನು ಬೆಂಗಳೂರಿಗೆ ಹೋದದ್ದು ಹೊಸ ಶತಮಾನ ಶುರುವಾದ ಹೊತ್ತಿಗೆ. ಆಫೀಸಿನವರ ಜೊತೆ ಶನಿವಾರ ಮಧ್ಯಾಹ್ನ ಚರ್ಚ್ ಸ್ಟ್ರೀಟಿನ ಒಂದು ಪಬ್ಬಿಗೆ ಮೊದಲ ಸಲ ಹೋದಾಗ ನನ್ನ ಕಣ್ಣಿಗೆ ಬಿದ್ದದ್ದು ಮಗ್ಗು ಅಲ್ಲ, ಪಕ್ಕದ ಮೇಜು. ಅಲ್ಲಿ ಇಬ್ಬರು ಹುಡುಗಿಯರು ತಮ್ಮಷ್ಟಕ್ಕೆ ಕೂತು ಯಾವುದೋ ವಿಷಯಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ಯಾರೂ ತಿರುಗಿ ನೋಡಲಿಲ್ಲ. ನಮ್ಮ ಕಡೆ ಹೋಟೆಲಿನಲ್ಲಿ ಚಾ ಕುಡಿಯುವಾಗಲೂ ಹುಡುಗಿಯರಿಗೆ ಈ ಭಾಗ್ಯ ಇರಲಿಲ್ಲ.

ನಡು ಪೇಟೆಯ ಪಬ್ಬಿನ ಗುಣ ಏನು ಅಂತ ಒಂದೊಂದಾಗಿ ಹೇಳುವುದಾದರೆ, ಮೊದಲನೆಯದು ಇದೇ. ಗುಂಪು ಇರುವುದರಿಂದಲೇ ಸಿಗುವ ರಕ್ಷಣೆ, ಗುಂಪು ಇರುವುದರಿಂದಲೇ ಸಿಗುವ ಏಕಾಂತ. ಖಾಲಿ ಬಾರಿನಲ್ಲಿ ಒಬ್ಬ ಹೆಂಗಸು ಕೂತರೆ ಹತ್ತು ಕಣ್ಣು ಅವಳ ಮೇಲೆ. ತುಂಬಿದ ಪಬ್ಬಿನಲ್ಲಿ ಎಲ್ಲರಿಗೂ ಅವರವರದ್ದೇ ಕೆಲಸ.

ಎರಡನೆಯದು ಜಾಗ. ಬಸ್ಸಿಳಿದು ನಡೆದು ಹೋಗಬಹುದು. ಪಬ್ಬಿನ ಜೊತೆಗೆ ಪುಸ್ತಕದಂಗಡಿ, ಸಿನೆಮಾ, ಕಾಫಿ ಎಲ್ಲ ಒಂದೇ ಸುತ್ತಿನಲ್ಲಿ. ಶಾನಭಾಗರ ಪ್ರೀಮಿಯರ್ ಬುಕ್ ಶಾಪಿನಲ್ಲಿ ಪುಸ್ತಕದ ರಾಶಿ ಬೀಳದ ಹಾಗೆ ಒಂದನ್ನು ಎಳೆದುಕೊಂಡು, ಅದನ್ನು ಓದುತ್ತಾ ಒಂದು ಮಗ್ ಹಿಡಿದು ಕೂತವರು ಎಷ್ಟೋ ಮಂದಿ. ಪ್ರೀಮಿಯರ್ 2009ರಲ್ಲಿ ಮುಚ್ಚಿತು. ಅದೇ ವರ್ಷ ಎಂ.ಜಿ. ರಸ್ತೆಯ ಇಂಡಿಯಾ ಕಾಫಿ ಹೌಸು ಅಲ್ಲಿಂದ ಎದ್ದು ಚರ್ಚ್ ಸ್ಟ್ರೀಟಿಗೆ ಬಂತು. ಬ್ಲಾಸಮ್ ಇವತ್ತಿಗೂ ಅಲ್ಲೇ ಇದೆ.

ಮೂರನೆಯದು ಬೆರಕೆ. ಒಂದೇ ಮೇಜಿನಲ್ಲಿ ಹಾಸನದವ, ಹುಬ್ಬಳ್ಳಿಯವ, ಮಣಿಪುರದವಳು, ಮಂಗಳೂರಿನ ಕೊಂಕಣಿ ಹುಡುಗ. ಜಾತಿ ಕೇಳುವವರಿಲ್ಲ. ಊರಲ್ಲಿ ಮದುವೆ ಊಟಕ್ಕೆ ಪಂಕ್ತಿ ಬೇರೆ ಬೇರೆ ಇದ್ದ ಕಾಲ ಕಂಡವರ ಮಕ್ಕಳು ಇಲ್ಲಿ ಒಂದೇ ತಟ್ಟೆಯ ಕಡಲೆಗೆ ಕೈ ಹಾಕುತ್ತಿದ್ದರು. ಇದನ್ನು ಸಣ್ಣ ವಿಷಯ ಅಂತ ನಾನು ಒಪ್ಪುವುದಿಲ್ಲ.

ಇನ್ನು ದೋಷಗಳು

ಗುಣ ಹೇಳಿ ಬಿಟ್ಟರೆ ಅದು ಜಾಹೀರಾತು ಆಗುತ್ತದೆ. ದೋಷಗಳೂ ಕಮ್ಮಿ ಇಲ್ಲ.

ಶಬ್ದ ಮೊದಲನೆಯದು. ನಾನು ಬಾಡಿಗೆಗಿದ್ದ ಒಂದು ಕೋಣೆಯ ಹಿಂಬದಿಯಲ್ಲಿ ಒಂದು ಪಬ್ಬಿತ್ತು, ಹೆಸರು ಬೇಡ. ಹಾಡು ಕೇಳಿಸುತ್ತಿರಲಿಲ್ಲ, ಹಾಡಿನ ಗುದ್ದು ಮಾತ್ರ ಗೋಡೆ ದಾಟಿ ಬರುತ್ತಿತ್ತು. ಚೆಂಡೆ ಪೆಟ್ಟಾದರೆ ಭಾಗವತಿಕೆಯೂ ಕೇಳುತ್ತದೆ, ಇದರಲ್ಲಿ ಪೆಟ್ಟು ಮಾತ್ರ! ಕೆಳಮನೆಯ ಅಜ್ಜಿ ಎರಡು ಕಿವಿಗೂ ಹತ್ತಿ ಇಟ್ಟು ಮಲಗುತ್ತಿದ್ದರು. ಅವರು ಕುಡಿತದ ವಿರೋಧಿ ಏನಲ್ಲ, ಅವರಿಗೆ ಬೇಕಾಗಿದ್ದದ್ದು ನಿದ್ದೆ.

ಒಳಗೆ ಕೂತವರಿಗಾದರೂ ಸುಖ ಉಂಟಾ? ಪಕ್ಕದವನ ಕಿವಿಗೆ ಬಾಯಿ ಇಟ್ಟು ಕಿರುಚಬೇಕು. ಜಾರ್ಜ್ ಆರ್ವೆಲ್ 1946ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ತನ್ನ ಮೆಚ್ಚಿನ ಪಬ್ಬಿನ ಬಗ್ಗೆ ಬರೆದಿದ್ದ. ಅಲ್ಲಿ ರೇಡಿಯೋ ಇಲ್ಲ, ಪಿಯಾನೋ ಇಲ್ಲ, ಮಾತಾಡುವಷ್ಟು ಮೌನ ಯಾವಾಗಲೂ ಇರುತ್ತದೆ ಅಂತೆಲ್ಲ ಹೊಗಳಿ, ಕೊನೆಗೆ ಇಂಥ ಪಬ್ಬೇ ಇಲ್ಲ, ಇದು ನನ್ನ ಕಲ್ಪನೆ ಅಂತ ಹೇಳಿಬಿಟ್ಟ. ಪಬ್ಬಿನ ತವರಿನಲ್ಲೇ ಎಂಬತ್ತು ವರ್ಷದ ಹಿಂದೆ ಆ ಗತಿ. ಗದ್ದಲ ಇಲ್ಲದಿದ್ದರೆ ಜನ ಬರುವುದಿಲ್ಲ, ಗದ್ದಲ ಇದ್ದರೆ ಬಂದ ಕೆಲಸ ಆಗುವುದಿಲ್ಲ.

ಎರಡನೆಯದು ಮನೆಗೆ ಹೋಗುವ ದಾರಿ. ಬೆಂಗಳೂರಿನಲ್ಲಿ ಬಹಳ ವರ್ಷ ರಾತ್ರಿ ಹನ್ನೊಂದೂವರೆಗೆ ಪಬ್ಬು ಮುಚ್ಚಬೇಕಿತ್ತು. 2014ರಲ್ಲಿ ಶುಕ್ರವಾರ ಶನಿವಾರ ಒಂದು ಗಂಟೆಯವರೆಗೆ ಬಿಟ್ಟು ನೋಡಿದರು, 2016ರಲ್ಲಿ ವಾರವಿಡೀ ಒಂದು ಗಂಟೆ ಆಯಿತು. ಮೆಟ್ರೋದ ಕೊನೆಯ ಗಾಡಿ ಮಾತ್ರ ಹನ್ನೊಂದರ ಆಸುಪಾಸಿಗೇ ಹೋಗಿಬಿಡುತ್ತದೆ. ನಡುವಿನ ಆ ಎರಡು ಗಂಟೆಯಲ್ಲಿ ಬೈಕಿನ ಕೀಲಿ ಜೇಬಿನಲ್ಲಿ ಕುಣಿಯುತ್ತಿರುತ್ತದೆ. ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮದ್ಯ ದಾಟಿದರೆ ಅಪರಾಧ, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ ದಂಡ 10,000 ರೂಪಾಯಿವರೆಗೆ. ದಂಡ ಹೆಚ್ಚಿಸಿದವರು ಬಸ್ಸನ್ನೂ ಹೆಚ್ಚಿಸಬೇಕಿತ್ತಲ್ಲ?

ಮೂರನೆಯದನ್ನು ಗಿರಾಕಿಗಳು ಯೋಚಿಸುವುದೇ ಇಲ್ಲ. ಅದು ಕೆಲಸದವರದ್ದು. 2018ರ ಜನವರಿಯಲ್ಲಿ ಬೆಂಗಳೂರಿನ ಕಲಾಸಿಪಾಳ್ಯದ ಹತ್ತಿರ ಕೈಲಾಶ್ ಬಾರಿಗೆ ಬೆಂಕಿ ಬಿದ್ದಾಗ ಒಳಗೆ ಮಲಗಿದ್ದ ಐದು ಮಂದಿ ಕೆಲಸಗಾರರು ಸತ್ತರು. ಅದಕ್ಕೆ ಎರಡು ವಾರದ ಹಿಂದೆಯಷ್ಟೇ ಮುಂಬೈಯ ಕಮಲಾ ಮಿಲ್ಸ್ ಆವರಣದ ಪಬ್ಬುಗಳ ಬೆಂಕಿಗೆ 14 ಮಂದಿ ಬಲಿಯಾಗಿದ್ದರು. ಕಮಲಾ ಮಿಲ್ಸಿನ ಬಗ್ಗೆ ವಾರಗಟ್ಟಲೆ ಚರ್ಚೆ ಆಯಿತು. ಇಲ್ಲಿ ಸತ್ತವರು ಗಿರಾಕಿಗಳಲ್ಲ, ಗಿರಾಕಿಗಳು ಮನೆಗೆ ಹೋದ ಮೇಲೆ ಮೇಜು ಒರೆಸಿ ಅಲ್ಲೇ ಮಲಗಿದವರು. ಕರಾವಳಿಯಿಂದ ಬೆಂಗಳೂರು, ಮುಂಬೈಗೆ ಹೋಟೆಲು ಬಾರುಗಳ ಕೆಲಸಕ್ಕೆ ಹೋಗುವ ಹುಡುಗರ ಮನೆಯವರಿಗೆ ಈ ಸುದ್ದಿ ಓದುವಾಗ ಹೇಗಾಗಿರಬೇಡ.

ನಾಲ್ಕನೆಯದು ದುಡ್ಡು, ಅಂದ್ರೆ ಯಾರಿಗೆ ಪ್ರವೇಶ ಅನ್ನುವ ಪ್ರಶ್ನೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆಯಿತು. ಅದೆಷ್ಟೋ ಹೆಂಗಸರು ಬಯಸಿದ್ದ ನಿಷೇಧ, ಅದರ ಬಗ್ಗೆ ನನ್ನದು ತಕರಾರಿಲ್ಲ. ಆದರೆ ಅದರ ಮೂರ್ನಾಲ್ಕು ವರ್ಷದೊಳಗೆ, 2010-11ರ ಹೊತ್ತಿಗೆ, ಅದೇ ಸರಕಾರಿ ವ್ಯವಸ್ಥೆ ಪಬ್ಬಿನೊಳಗೇ ಬಿಯರು ತಯಾರಿಸುವ ಮೈಕ್ರೋಬ್ರೂವರಿಗಳಿಗೆ ಬಾಗಿಲು ತೆರೆಯಿತು. ಇಂದಿರಾನಗರದ ಟಾಯ್ಟ್, ವಿಠಲ ಮಲ್ಯ ರಸ್ತೆಯ ಬಿಯರ್ ಕ್ಲಬ್ ಆಗ ಬಂದವು. ಗಾರೆ ಕೆಲಸದವನು ತನ್ನ ಗಡಂಗು ಕಳೆದುಕೊಂಡು ವೈನ್ ಶಾಪಿನ ಹಿಂದೆ ನಿಂತು ಗಡಿಬಿಡಿಯಲ್ಲಿ ಗಂಟಲಿಗೆ ಸುರಿದುಕೊಳ್ಳುತ್ತಾನೆ, ಅಲ್ಲಿ ಕುಡಿಯುವುದಕ್ಕೆ ಕಾನೂನಿನ ಒಪ್ಪಿಗೆ ಇಲ್ಲ. ಎರಡು ಫರ್ಲಾಂಗು ಆಚೆ ನಾವು ಕುರ್ಚಿಯಲ್ಲಿ ಒರಗಿ ಗೋಧಿ ಬಿಯರಿನ ಪರಿಮಳದ ಬಗ್ಗೆ ಮಾತಾಡುತ್ತೇವೆ. ಒಂದೇ ಅಮಲು, ಒಂದಕ್ಕೆ ಚಟ ಅಂತ ಹೆಸರು, ಇನ್ನೊಂದಕ್ಕೆ ಸಂಸ್ಕೃತಿ ಅಂತ ಹೆಸರು.

ಜನವರಿ 24, 2009

ಈಗ ಪುನಃ ಘಟ್ಟ ಇಳಿಯುವಾ.

2009ರ ಜನವರಿ 24, ಶನಿವಾರ ಮಧ್ಯಾಹ್ನ. ಮಂಗಳೂರಿನ ಬಲ್ಮಠದ 'ಅಮ್ನೇಶಿಯಾ' ಪಬ್ಬಿಗೆ ಶ್ರೀರಾಮ ಸೇನೆಯ ಗುಂಪು ನುಗ್ಗಿತು. ಒಳಗಿದ್ದ ಹುಡುಗಿಯರನ್ನು ಎಳೆದು, ಹೊಡೆದು, ಓಡಿಸಿದರು. ಟಿವಿಯ ಕ್ಯಾಮರಾಗಳು ಅಲ್ಲೇ ಇದ್ದವು. ಬಿದ್ದು ಎದ್ದು ಓಡುವ ಆ ಹುಡುಗಿಯರನ್ನು ಇಡೀ ದೇಶ ವಾರಗಟ್ಟಲೆ ಮತ್ತೆ ಮತ್ತೆ ನೋಡಿತು.

ಹೊಡೆದದ್ದು ಯಾಕೆ ಅಂದ್ರೆ ಸಂಸ್ಕೃತಿ ಉಳಿಸಲಿಕ್ಕೆ ಅಂತ ಹೇಳಿದರು. ವಿಚಿತ್ರ ಏನೆಂದರೆ ಗುಂಪನ್ನು ಖಂಡಿಸಿದವರ ಬಾಯಲ್ಲೂ ಪಬ್ಬಿನ ಮಾತೇ ಹೆಚ್ಚಿತ್ತು. ಕೇಂದ್ರದ ಆಗಿನ ಆರೋಗ್ಯ ಮಂತ್ರಿ ಅನ್ಬುಮಣಿ ರಾಮದಾಸ್ ಪಬ್ ಸಂಸ್ಕೃತಿ ನಿಲ್ಲಬೇಕು ಅಂದರು, ರಾಜಸ್ಥಾನದ ಕಾಂಗ್ರೆಸ್ ಮುಖ್ಯಮಂತ್ರಿ ಗೆಹ್ಲೋಟ್ ಕೂಡಾ ಅದೇ ರಾಗ ಎಳೆದರು. ರಾಷ್ಟ್ರೀಯ ಮಹಿಳಾ ಆಯೋಗದಿಂದ ವಿಚಾರಣೆಗೆ ಬಂದ ಸದಸ್ಯೆ ಪಬ್ಬಿನ ಭದ್ರತೆ ಸರಿ ಇರಲಿಲ್ಲ ಅಂತ ತಪ್ಪನ್ನು ಆ ಕಡೆ ಹೊರಿಸಿದರು, ಮುಂದೆ ಅವರನ್ನು ಆಯೋಗದಿಂದಲೇ ತೆಗೆದುಹಾಕಿದರು. ಫೆಬ್ರವರಿಯಲ್ಲಿ ಪ್ರೇಮಿಗಳ ದಿನಕ್ಕೆ ಸೇನೆಯ ಆಫೀಸಿಗೆ ಗುಲಾಬಿ ಚಡ್ಡಿ ಕಳಿಸುವ ಚಳವಳಿ ಆಯಿತು, ಜನ ನಕ್ಕರು, ಕೆಲವರು ಸಿಟ್ಟಾದರು. 2012ರ ಜುಲೈಯಲ್ಲಿ ಪಡೀಲಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದವರ ಮೇಲೆ ಇನ್ನೊಂದು ಗುಂಪು ಬಿತ್ತು, ಅಲ್ಲಿ ಪಬ್ಬು ಕೂಡಾ ಇರಲಿಲ್ಲ. 2018ರ ಮಾರ್ಚ್‌ನಲ್ಲಿ ಅಮ್ನೇಶಿಯಾ ಪ್ರಕರಣದ ತೀರ್ಪು ಬಂತು. ಸಾಕ್ಷ್ಯ ಸಾಲದೆ ಪ್ರಮೋದ್ ಮುತಾಲಿಕ್ ಸೇರಿ ಆರೋಪಿಗಳೆಲ್ಲ ಖುಲಾಸೆ. ದೇಶವೆಲ್ಲ ನೋಡಿದ ಹೊಡೆತಕ್ಕೆ ಹೊಡೆದವರು ಇಲ್ಲದ ಹಾಗಾಯಿತು.

ಆ ವಾರ ನಾನು ಬೆಂಗಳೂರಿನಲ್ಲಿದ್ದೆ. ಆಫೀಸಿನವರು ನನ್ನ ಮುಖ ನೋಡಿ "ನಿಮ್ಮ ಊರಲ್ಲವಾ?" ಅಂತ ಕೇಳಿದರು. ಸವಣೂರಿನಿಂದ ಮಂಗಳೂರು ಅರುವತ್ತು ಕಿಲೋಮೀಟರು ದೂರ ಇರಬಹುದು, ಆದರೆ ಆ ಪ್ರಶ್ನೆಗೆ ಅಲ್ಲ ಅನ್ನಲಿಕ್ಕೆ ಆಗಲಿಲ್ಲ. ನಮ್ಮ ಊರೇ. ಕೊರಗಜ್ಜನಿಗೆ ಕಳ್ಳು ಇಡುವ ಊರೇ. ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಗೆ ಹೋಗಿ ಹೆಂಗಸರೇ ಮನೆ ನಡೆಸುವ ಊರೇ. ಹೆಂಗಸು ದುಡಿಯಲಿಕ್ಕೆ ಪೇಟೆಗೆ ಹೋಗಬಹುದು, ಕೂರಲಿಕ್ಕೆ ಹೋಗಬಾರದು ಅಂತ ಯಾರು ತೀರ್ಮಾನ ಮಾಡಿದ್ದು?

ನಾನು ನಾರಾಯಣ ಗುರುಗಳ ಮಾತು ನೆನಪಿಟ್ಟುಕೊಳ್ಳಿ ಅಂದದ್ದು ಇದಕ್ಕೇ. ಕುಡಿತ ಬೇಡ ಅನ್ನುವುದಕ್ಕೆ ನಮ್ಮಲ್ಲಿ ಒಂದು ದೊಡ್ಡ ಪರಂಪರೆ ಇದೆ. ಇವತ್ತಿಗೂ ಹಳ್ಳಿ ಹಳ್ಳಿಗಳಲ್ಲಿ ಮದ್ಯವರ್ಜನ ಶಿಬಿರ ನಡೆಯುತ್ತದೆ, ಅಲ್ಲಿಂದ ಎದ್ದು ಬಂದು ಸಂಸಾರ ಸರಿ ಮಾಡಿಕೊಂಡವರು ಇದ್ದಾರೆ. ಆ ಪರಂಪರೆ ಕುಡಿಯುವವನ ಪಕ್ಕ ಕೂತು ಮಾತಾಡಿತು, ಸ್ವಂತದವರಿಂದ ಶುರು ಮಾಡಿತು. 2009ರ ಮಧ್ಯಾಹ್ನ ನಡೆದದ್ದು ಬೇರೆ ಜಾತಿಯ ವಿಷಯ. ಜಿಲ್ಲೆಯ ಬಾರುಗಳಲ್ಲಿ ಆ ಹೊತ್ತಿಗೆ ಸಾವಿರಾರು ಗಂಡಸರು ಕುಡಿಯುತ್ತಿದ್ದರು, ಅವರ ಗ್ಲಾಸು ಅಲುಗಲಿಲ್ಲ. ಅಲ್ಲಿ ಹೆಂಡಕ್ಕೆ ಪೆಟ್ಟು ಬೀಳಲಿಲ್ಲ, ಹೆಂಗಸಿಗೆ ಬಿತ್ತು.

ಹಾಗಾದರೆ ಕಾನೂನು ಬೇಡವಾ?

ಬೇಕು. ಆದರೆ ಯಾವುದಕ್ಕೆ ಬೇಕು ಅನ್ನುವುದು ಸ್ಪಷ್ಟ ಇರಬೇಕು. ಬೆಂಗಳೂರಿನಲ್ಲಿ 2005ರ ಆದೇಶವೊಂದು ಸಾರ್ವಜನಿಕ ಮನರಂಜನೆಗೆ ಪೊಲೀಸ್ ಲೈಸೆನ್ಸು ಕಡ್ಡಾಯ ಮಾಡಿತು, 2008ರ ಹೊತ್ತಿಗೆ ಪಬ್ಬಿನಲ್ಲಿ ಕುಣಿಯುವುದೇ ಅಪರಾಧ ಅನ್ನುವ ಹಾಗೆ ಜಾರಿಗೆ ಬಂತು, 2018ರಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ಎತ್ತಿ ಹಿಡಿಯಿತು. 2017ರಲ್ಲಿ ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯ ಬೇಡ ಅನ್ನುವ ಸುಪ್ರೀಂ ಕೋರ್ಟಿನ ತೀರ್ಪಿನಿಂದ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟಿನ ಪಬ್ಬುಗಳೂ ಕೆಲ ಕಾಲ ಬಾಗಿಲು ಹಾಕಿದವು. ಲಾರಿ ಡ್ರೈವರುಗಳಿಗೆಂದು ಮಾಡಿದ ನಿಯಮ ನಡೆದು ಬರುವವರ ಬೀದಿಗೆ ಬಿತ್ತು! ಅದೇ ಬೀದಿಗೆ 2018ರಲ್ಲಿ ಕಲ್ಲು ಹಾಸಿ ನಡೆಯುವವರಿಗೆ ಅಂತ ಚಂದ ಮಾಡಿದರು, ಅದು ಬೇರೆ ಮಾತು.

ಕೆಳಮನೆಯ ಅಜ್ಜಿಯ ನಿದ್ದೆ ಕಾಯುವ ಕಾನೂನು ಮೊದಲೇ ಇದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ವಸತಿ ಪ್ರದೇಶದಲ್ಲಿ 45 ಡೆಸಿಬೆಲ್, ವಾಣಿಜ್ಯ ಪ್ರದೇಶದಲ್ಲಿ 55 ಡೆಸಿಬೆಲ್ ಮಿತಿ. ಇಂದಿರಾನಗರದ ನಿವಾಸಿಗಳು ಪಬ್ಬುಗಳ ಗದ್ದಲ ತಡೆಯಲಾರದೆ ಹೈಕೋರ್ಟಿಗೆ ಹೋದದ್ದು ಇಂಥ ಹಕ್ಕಿಗಾಗಿ. ಅವರು ಒಳಗೆ ಯಾರು ಕೂತಿದ್ದಾರೆ ಅಂತ ಕೇಳಲಿಲ್ಲ, ಹೊರಗೆ ಎಷ್ಟು ಕೇಳಿಸುತ್ತದೆ ಅಂತ ಕೇಳಿದರು.

ಇದೇ ಹತ್ತು ಗಂಟೆಯ ನಿಯಮ ನಮ್ಮ ಯಕ್ಷಗಾನಕ್ಕೂ ಬಂದು ಬಡಿಯಿತು ಅನ್ನುವುದನ್ನು ಮರೆಯಬೇಡಿ. ಬೆಳಗಿನವರೆಗೆ ಆಡುತ್ತಿದ್ದ ಕಟೀಲು ಮೇಳದ ಆಟವನ್ನು 2022ರಲ್ಲಿ ಕಾಲಮಿತಿಗೆ ತಂದಾಗ ನಮ್ಮ ಕಡೆಯವರಿಗೆಲ್ಲ ಹೊಟ್ಟೆ ಚುರುಕ್ ಅಂದಿತು. ಆಗ ಗೊತ್ತಾಯಿತು, ನಮಗೆ ಇಷ್ಟವಾದ ಶಬ್ದ ಸಂಸ್ಕೃತಿ, ಪಕ್ಕದವನಿಗೆ ಇಷ್ಟವಾದ ಶಬ್ದ ಮಾಲಿನ್ಯ. ಕಾನೂನಿಗೆ ಆ ಭೇದ ಇರಬಾರದು, ನಮಗೂ ಇರದಿದ್ದರೆ ಒಳ್ಳೆಯದು. ಡೆಸಿಬೆಲ್ಲಿಗೆ ಮಡಿ ಮೈಲಿಗೆ ಇಲ್ಲ.

ನನ್ನ ಲೆಕ್ಕದಲ್ಲಿ ಒಂದು ಪಬ್ಬು ಒಳ್ಳೆಯದೋ ಕೆಟ್ಟದೋ ಅಂತ ನೋಡಲಿಕ್ಕೆ ನಾಲ್ಕು ಪ್ರಶ್ನೆ ಸಾಕು. ಪಕ್ಕದ ಮನೆಯವರು ಹತ್ತು ಗಂಟೆಗೆ ಮಲಗಬಹುದಾ? ಕುಡಿದವನಿಗೆ ಗಾಡಿ ಮುಟ್ಟದೆ ಮನೆಗೆ ಹೋಗುವ ದಾರಿ ಉಂಟಾ? ಬೆಂಕಿ ಬಿದ್ದರೆ ಅಡುಗೆಯವನಿಗೂ ಒಂದು ಬಾಗಿಲು ಉಂಟಾ? ಒಬ್ಬಳೇ ಬಂದ ಹೆಂಗಸು ಅಂಜದೆ ಒಂದು ಗಂಟೆ ಕೂರಬಹುದಾ? ಮೊದಲ ಮೂರನ್ನು ಗಟ್ಟಿ ಕೇಳುವವರು ನಮ್ಮಲ್ಲಿ ಕಮ್ಮಿ. ನಾಲ್ಕನೆಯದನ್ನು ಕೇಳುವ ಬದಲು ಅವಳು ಯಾಕೆ ಬಂದಳು ಅಂತ ಕೇಳುವವರು ಜಾಸ್ತಿ.

ಇನ್ನು ಕುಡಿಯಬೇಕೋ ಬೇಡವೋ, ಅದು ಅವರವರ ಮನೆಯ, ಮೈಯ, ಮನಸ್ಸಿನ ವಿಷಯ. ಬೇಡ ಅಂತ ನಿಮಗೆ ಅನ್ನಿಸಿದರೆ ನಿಮ್ಮ ಗೆಳೆಯನ ಪಕ್ಕ ಕೂತು ಹೇಳಿ, ಅವನು ಕೇಳಿಯಾನು. ನಮ್ಮ ಜಿಲ್ಲೆಯಲ್ಲಿ ಆ ದಾರಿ ನೂರು ವರ್ಷದ ಹಿಂದೆಯೇ ಕಡಿದು ಇಟ್ಟಿದ್ದಾರೆ.

ಅಂದ ಹಾಗೆ, ಗಡಂಗು ಅನ್ನುವ ಪದ ನಿಮ್ಮ ಕಡೆ ಇದೆಯಾ? ಶಿವಮೊಗ್ಗ, ಧಾರವಾಡ, ಕಲಬುರಗಿ ಕಡೆಯ ಬ್ಲಾಗಿಗರು ಅಲ್ಲಿನ ಹಳೆಯ ಹೆಸರುಗಳನ್ನು ತಿಳಿಸಿದರೆ ಒಂದು ಪಟ್ಟಿ ಮಾಡುವ ಯೋಚನೆ ಇದೆ. ಮುಚ್ಚಿ ಹೋದ ಪಬ್ಬುಗಳ ನೆನಪು ಇರುವ ಬೆಂಗಳೂರಿನವರು ಕೂಡಾ ಬರೆಯಿರಿ.